ರೇಡ್ 1 ಇದ್ದೂ ಬೂಟ್ ಆಗದ ಸರ್ವರ್: ಎರಡನೇ ಇಎಸ್‌ಪಿಯ ಕಥೆ

ಮನೆಯ ಸರ್ವರ್‌ನ ರೇಡ್ 1 ಜೋಡಿಯಲ್ಲಿ (ಒಂದೇ ದತ್ತಾಂಶವನ್ನು ಎರಡು ಡಿಸ್ಕ್‌ಗಳಲ್ಲೂ ಇಡುವ ಏರ್ಪಾಡು) ಮೊದಲನೇ ಡಿಸ್ಕ್ ಕೊನೆಗೂ ಕೈಕೊಟ್ಟಿತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಪೆಂಡಿಂಗ್ ಸೆಕ್ಟರ್‌ಗಳ (ಓದಲು ತೊಂದರೆ ಕೊಡುವ ಜಾಗಗಳ) ಸಂಖ್ಯೆ ಏರುತ್ತಲೇ ಇದ್ದುದರಿಂದ ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಉಳಿದ ಡಿಸ್ಕ್‌ನಲ್ಲಿ ಕಡತಗಳೆಲ್ಲ ಕ್ಷೇಮವಾಗಿದ್ದವು. ಆದರೆ ಸತ್ತದ್ದನ್ನು ಬಿಚ್ಚಿಟ್ಟು ಯಂತ್ರವನ್ನು ಚಾಲೂ ಮಾಡಿದಾಗ, ಬೂಟ್ ಮಾಡಬಹುದಾದ ಸಾಧನವೇ ಇಲ್ಲವೆಂದು ಫರ್ಮ್‌ವೇರ್ (ಮದರ್‌ಬೋರ್ಡ್‌ನಲ್ಲೇ ಇರುವ ಆರಂಭಿಕ ತಂತ್ರಾಂಶ) ಘೋಷಿಸಿತು.

ಹಳೆಯ ಬಯಾಸ್ ಕಾಲದಲ್ಲಿ ಎರಡೂ ಡಿಸ್ಕ್‌ಗಳ ಮೇಲೆ, ಲಿನಕ್ಸ್ ಅನ್ನು ಎಬ್ಬಿಸುವ ಗ್ರಬ್ ತಂತ್ರಾಂಶವನ್ನು ಹಾಕುವ ಗ್ರಬ್-ಇನ್‌ಸ್ಟಾಲ್ ಆಜ್ಞೆ ಓಡಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಇರುವ ಯಂತ್ರದ ಫರ್ಮ್‌ವೇರ್‌ಗೆ ಲಿನಕ್ಸ್‌ನ ಎಂಡಿ ರೇಡ್ (ತಂತ್ರಾಂಶವೇ ನಡೆಸುವ ರೇಡ್) ಅರ್ಥವಾಗುವುದಿಲ್ಲ. ಅದು ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಇಎಸ್‌ಪಿಯನ್ನಷ್ಟೇ (ಬೂಟ್ ಕಡತಗಳಿಗೆಂದೇ ಮೀಸಲಾದ ಪಾರ್ಟಿಷನ್) ಓದಬಲ್ಲದು. ಡೆಬಿಯನ್ 12ರ ಇನ್‌ಸ್ಟಾಲರ್, ಎರಡೂ ಡಿಸ್ಕ್‌ಗಳಲ್ಲಿ ಇಎಸ್‌ಪಿಗೆ ಜಾಗ ಮಾಡಿಕೊಟ್ಟರೂ, ಗ್ರಬ್ ಅನ್ನು ಒಂದರಲ್ಲಿ ಮಾತ್ರ ಹಾಕಿತ್ತು. ಮದರ್‌ಬೋರ್ಡ್‌ನ ಎನ್‌ವಿರ‍್ಯಾಮ್‌ನಲ್ಲಿರುವ ಬೂಟ್ ನಮೂದು ಆ ಒಂದು ಪಾರ್ಟಿಷನ್‌ನ ಗುರುತುಸಂಖ್ಯೆಯನ್ನೇ ಹಿಡಿದು ಹುಡುಕುವುದರಿಂದ, ಆ ಡಿಸ್ಕ್ ಹೋದರೆ ನಮೂದೂ ವ್ಯರ್ಥ.

ಇಎಸ್‌ಪಿಯನ್ನೇ ರೇಡ್ 1 ಮಾಡಿಬಿಡಿ ಎಂದು ಕೆಲವರು ಸೂಚಿಸುತ್ತಾರೆ. ರೇಡ್‌ನ ವಿವರಗಳನ್ನು ಹಿಡಿದಿಡುವ ಮೆಟಾಡೇಟಾದ ಆವೃತ್ತಿ 1.2 ಪಾರ್ಟಿಷನ್‌ನ ಆರಂಭದಿಂದ 4 ಕಿಲೋಬೈಟ್ ದೂರದಲ್ಲಿ ಕೂರುತ್ತದೆ, 1.0 ಆದರೋ ತುದಿಯಲ್ಲಿ ಕೂರುತ್ತದೆ, ಆದ್ದರಿಂದ 1.0 ಬಳಸಿದರೆ ಫರ್ಮ್‌ವೇರ್‌ನ ಕಣ್ಣಿಗೆ ಅದು ಸಾಮಾನ್ಯ ಫ್ಯಾಟ್ ಪಾರ್ಟಿಷನ್ನಿನಂತೆಯೇ ಕಾಣುತ್ತದೆ. ಜಾಣ ಉಪಾಯವೇ ಸರಿ, ಆದರೆ ನನಗೆ ಒಪ್ಪಿಗೆಯಿಲ್ಲ. ಫರ್ಮ್‌ವೇರ್ ಅಪ್‌ಡೇಟ್ ಆಗಲಿ, ಯುಇಎಫ್‌ಐ ಶೆಲ್ ಆಗಲಿ ಒಂದು ಡಿಸ್ಕ್‌ನ ಮೇಲೆ ಏನಾದರೂ ಬರೆದರೆ ಎಂಡಿಗೆ ಅದರ ಸುಳಿವೇ ಸಿಗುವುದಿಲ್ಲ, ಎರಡು ಪ್ರತಿಗಳು ಸದ್ದಿಲ್ಲದೆ ಬೇರೆಯಾಗುತ್ತವೆ. ಹಾಗಾಗಿ ಎರಡು ಸ್ವತಂತ್ರ ಇಎಸ್‌ಪಿಗಳನ್ನು ಇಟ್ಟುಕೊಂಡು, ಗ್ರಬ್‌ನ ಮೆನುವನ್ನು ಹೊಸದಾಗಿಸುವ ಅಪ್‌ಡೇಟ್-ಗ್ರಬ್ ಆಜ್ಞೆ ಓಡಿದಾಗಲೆಲ್ಲ ಒಂದರಿಂದ ಇನ್ನೊಂದಕ್ಕೆ ಆರ್‌ಸಿಂಕ್‌ನಿಂದ ನಕಲು ಮಾಡುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ಗ್ರಬ್.ಡಿ ಫೋಲ್ಡರ್‌ನಲ್ಲಿ ಇರಿಸಿದ್ದೇನೆ.

ದುರಸ್ತಿಗಾಗಿ ಲೈವ್ ಯುಎಸ್‌ಬಿಯಿಂದ ಹೊರಟು ಕ್ರೂಟ್ ಆದರೆ (ಡಿಸ್ಕ್‌ನಲ್ಲಿರುವ ಸಿಸ್ಟಮ್‌ನೊಳಗೆ ಹೊಕ್ಕರೆ), ಇಎಫ್‌ಐ ವೇರಿಯಬಲ್‌ಗಳಿಗೆ ಬೆಂಬಲವಿಲ್ಲವೆಂಬ ಉತ್ತರ ಬಂದಿತು. ಬೂಟ್ ಮೆನು ಅದೇ ಪೆನ್‌ಡ್ರೈವ್ ಅನ್ನು ಲೆಗಸಿ (ಹಳೆಯ ಬಯಾಸ್ ರೀತಿ) ಮತ್ತು ಯುಇಎಫ್‌ಐ ಎಂದು ಎರಡು ಸಲ ತೋರಿಸಿ, ಲೆಗಸಿಯನ್ನೇ ಮೊದಲು ಆರಿಸಿಕೊಂಡಿತ್ತು. ಯುಇಎಫ್‌ಐಯಲ್ಲಿ ಮತ್ತೆ ಹೊರಟು ಗ್ರಬ್ ಹಾಕಿದರೂ, ಜೋಡಣೆಯಲ್ಲಿಲ್ಲದ ಡಿಸ್ಕ್‌ನ ನಮೂದುಗಳನ್ನು ಈ ಮದರ್‌ಬೋರ್ಡ್ ತಾನಾಗಿಯೇ ಅಳಿಸಿಹಾಕುತ್ತದೆ. ಅದರ ನೆನಪಿನ ಶಕ್ತಿಯನ್ನು ನಂಬುವ ಬದಲು ಗ್ರಬ್-ಇನ್‌ಸ್ಟಾಲ್‌ಗೆ ರಿಮೂವಬಲ್ ಆಯ್ಕೆಯನ್ನೂ ಕೊಟ್ಟೆ. ಆಗ ಇಎಫ್‌ಐ ಫೋಲ್ಡರ್‌ನೊಳಗಿನ ಬೂಟ್ ಫೋಲ್ಡರ್‌ನಲ್ಲಿ ಬೂಟ್‌ಎಕ್ಸ್64 ಎಂಬ ಕಡತ ಸೃಷ್ಟಿಯಾಗುತ್ತದೆ. ಯಾವ ನಮೂದೂ ಇಲ್ಲದಿದ್ದಾಗ ಫರ್ಮ್‌ವೇರ್ ಹುಡುಕುವುದು ಅದನ್ನೇ.

ಗ್ರಬ್ ಬಂದಿತು, ಕರ್ನಲ್ ಬಂದಿತು, ಒಂಟಿ ಡಿಸ್ಕ್‌ನಲ್ಲೇ ಅರೇ (ರೇಡ್ ಜೋಡಣೆ) ಎದ್ದು ನಿಂತಿತು. ಅನಂತರ 90 ಸೆಕೆಂಡುಗಳ ಮೌನ, ಬಳಿಕ ಎಮರ್ಜೆನ್ಸಿ ಮೋಡ್. ಅಲ್ಲಿಯೂ ರೂಟ್ ಖಾತೆಗೆ ಬೀಗ ಹಾಕಿರುವುದರಿಂದ ಕನ್ಸೋಲ್ ಕೊಡಲಾಗದೆಂಬ ವಿನಯಪೂರ್ವಕ ಸೂಚನೆ! ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಸತ್ತ ಡಿಸ್ಕ್‌ನ ಇಎಸ್‌ಪಿ ಇನ್ನೂ ಹೆಸರಿಸಲ್ಪಟ್ಟಿತ್ತು, ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಅದಕ್ಕಾಗಿ ನಿಷ್ಠೆಯಿಂದ ಕಾದು ಕುಳಿತಿತ್ತು. ಎರಡೂ ಇಎಸ್‌ಪಿಗಳ ಸಾಲಿಗೆ ನೋಫೇಲ್ (ಸಿಗದಿದ್ದರೂ ಮುಂದೆ ಸಾಗು ಎಂಬ ಆಯ್ಕೆ) ಸೇರಿಸಿದ ಮೇಲೆ ಈ ಕಾಟ ತಪ್ಪಿತು.

ಹೊಸ ಡಿಸ್ಕ್‌ನದು ಬೇರೆಯೇ ಪುರಾಣ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯವರು ಸೀಲ್ ಒಡೆಯದ ಮಾಲೆಂದು ಕೊಟ್ಟ ಡಿಸ್ಕ್, ಸ್ಮಾರ್ಟ್ ವರದಿಯ ಪ್ರಕಾರ ಸಾವಿರಗಟ್ಟಲೆ ಗಂಟೆ ದುಡಿದಿತ್ತು. ಹೊಸದಾಗಿದ್ದುದು ಸೀಲ್ ಒಂದೇ. ಸಾಕಷ್ಟು ವಾದ ಮಾಡಿದ ಮೇಲೆ ಬದಲಿ ಸಿಕ್ಕಿತು. ಪಾರ್ಟಿಷನ್‌ಗಳನ್ನು ನಿಭಾಯಿಸುವ ಎಸ್‌ಜಿಡಿಸ್ಕ್ ಆಜ್ಞೆಯಲ್ಲಿ ಪಾರ್ಟಿಷನ್ ಟೇಬಲ್ ನಕಲು ಮಾಡುವಾಗ ದೊಡ್ಡಕ್ಷರದ ಆರ್ ಆಯ್ಕೆಯ ಪಕ್ಕದಲ್ಲಿ ಬರಬೇಕಾದದ್ದು ಹೊಸ ಡಿಸ್ಕ್‌ನ ಹೆಸರು. ತಿರುಗುಮುರುಗಾದರೆ ಖಾಲಿ ಟೇಬಲ್ ಒಳ್ಳೆಯ ಡಿಸ್ಕ್‌ನ ಮೇಲೆ ಬಂದು ಕೂರುತ್ತದೆ. ನಕಲಿನ ಜೊತೆಗೆ ಗುರುತುಸಂಖ್ಯೆಗಳೂ ಬರುವುದರಿಂದ ದೊಡ್ಡಕ್ಷರದ ಜಿ ಆಯ್ಕೆಯಿಂದ ಅವನ್ನು ಬದಲಿಸಲೇಬೇಕು. ಇಲ್ಲವಾದರೆ ಫರ್ಮ್‌ವೇರ್‌ಗೆ ಯಾವ ಇಎಸ್‌ಪಿ ಯಾವುದೆಂದು ತಿಳಿಯುವುದಿಲ್ಲ.

ಹೊಸ ಡಿಸ್ಕ್‌ಗೆ ದತ್ತಾಂಶ ತುಂಬುವ ರೀಸಿಂಕ್ ನಡೆಯುವಾಗ ಮುಂದಿನ ಯೋಜನೆಗೆ ಕೈ ಹಾಕಿದೆ: ಊರಿನ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್, ಅದಕ್ಕೆ ಪ್ರತಿ ರಾತ್ರಿ ಬೋರ್ಗ್ ತಂತ್ರಾಂಶದಿಂದ ಬ್ಯಾಕಪ್. ಇಲ್ಲಿ ಅಳಿಸಿದ ಕಡತವನ್ನು ರೇಡ್ 1 ಅಷ್ಟೇ ಪ್ರಾಮಾಣಿಕವಾಗಿ ಎರಡೂ ಕಡೆ ಅಳಿಸುತ್ತದಲ್ಲ. ಅಲ್ಲಿಯ ಕರೆಂಟ್‌ನ ಚಾಳಿ ನೋಡಿದರೆ ಮೊದಲು ಕೊಳ್ಳಬೇಕಾದದ್ದು ಯುಪಿಎಸ್.

ಕೊನೆಯ ಪರೀಕ್ಷೆಗೆ, ಯಂತ್ರವನ್ನು ಆಫ್ ಮಾಡಿ ಒಂದೊಂದೇ ಸಾಟಾ ಕೇಬಲ್ ಬಿಚ್ಚಿ ಬೂಟ್ ಮಾಡಿದೆ. ಮೊದಲನೆಯದನ್ನು ಬಿಚ್ಚಿ ನೋಡಿದ ಮೇಲೆ, ಅದನ್ನು ಮರಳಿ ಅರೇಗೆ ಸೇರಿಸಿ ಸಿಂಕ್ ಮುಗಿಯುವ ತನಕ ಎರಡನೆಯದನ್ನು ಮುಟ್ಟಬಾರದು. ಎರಡೂ ಡಿಸ್ಕ್‌ಗಳು ಒಂಟಿಯಾಗಿ ಓಡಿ ತಂತಮ್ಮ ದಾರಿ ಹಿಡಿದರೆ ಒಂದರ ಬದಲಾವಣೆಗಳನ್ನು ಬಲಿಕೊಡದೆ ಅವನ್ನು ಒಂದುಗೂಡಿಸಲಾಗದು. ಎಲ್ಲೆಲ್ಲಿ ಬದಲಾವಣೆಯಾಗಿದೆ ಎಂದು ಗುರುತಿಟ್ಟುಕೊಳ್ಳುವ ಬಿಟ್‌ಮ್ಯಾಪ್ ಇದ್ದುದರಿಂದ ಆ ಸಿಂಕ್ ಚಹಾ ಕುದಿಯುವ ಮೊದಲೇ ಮುಗಿದು, ಎರಡನೇ ಕೇಬಲ್ ಬಿಚ್ಚಿದಾಗಲೂ ಲಾಗಿನ್ ಪರದೆ ತಡವಿಲ್ಲದೆ ಬಂದಿತು. ಸತ್ತ ಡಿಸ್ಕ್ ಇನ್ನೂ ವಾರಂಟಿಯಲ್ಲಿದೆ, ಆದರೆ ಬಿಲ್ ಎಲ್ಲಿದೆಯೋ ಹುಡುಕಬೇಕು.