ಚಿಲಿಕಾದಲ್ಲಿ ಡಾಲ್ಫಿನ್ ಬೆನ್ನು ಹತ್ತಿದ್ದು

ಪುರಿಗೆ ಹೋದೋರು ಚಿಲಿಕಾ ಸರೋವರ ನೋಡ್ದೆ ಬರ್ಬಾರ್ದು ಅಂತ ಎಲ್ರೂ ತಲೆ ತಿಂದಿದ್ರು, ಸರಿ ಅಂತ ಬೆಳಗ್ಗೆ ಬೇಗ ಎದ್ದು ಸಾತಪಡಾಗೆ ಹೊರಟ್ವಿ, ಸುಮಾರು 50 ಕಿಲೋಮೀಟರ್. ದಾರಿ ಬಗ್ಗೆ ಹೇಳೋಕೇನಿಲ್ಲ, ನಾನು ಪೂರ್ತಿ ನಿದ್ದೆ.

ಅಲ್ಲಿ ದಡದಲ್ಲಿ ಉದ್ದುದ್ದ ಮರದ ದೋಣಿಗಳ ಸಾಲು. ಒಂದೊಂದಕ್ಕೂ ಹಿಂದೆ ಡೀಸೆಲ್ ಇಂಜಿನ್, ಹೊಲದ ಪಂಪ್‌ಸೆಟ್ ಥರಾನೇ ಡಬಡಬ ಅನ್ನತ್ತೆ, ಪಕ್ಕದಲ್ಲಿ ಕೂತೋರ ಮಾತೂ ಕೇಳ್ಸಲ್ಲ. ಇಲ್ಲಿರೋದು ಇರಾವಡ್ಡಿ ಡಾಲ್ಫಿನ್, ಟೀವಿಲಿ ತೋರ್ಸೋ ಹಾಗೆ ಚಂಗನೆ ನೆಗೆಯೋ ಜಾತಿ ಅಲ್ಲ. ಗುಂಡು ತಲೆ, ಉದ್ದ ಮೂತಿ ಇಲ್ಲ, ಬೆನ್ನ ಮೇಲೆ ಚಿಕ್ಕ ರೆಕ್ಕೆ, ಉಸಿರಿಗೆ ಅಂತ ಮೆಲ್ಲಗೆ ಬೆನ್ನು ತೋರ್ಸಿ ಮುಳುಗತ್ತೆ ಅಷ್ಟೆ. ಇಡೀ ಸರೋವರದಲ್ಲಿ ಇರೋದೇ 150ರ ಆಸುಪಾಸು.

ಮುಕ್ಕಾಲು ಗಂಟೆ ಹೋದ್ಮೇಲೆ ದೋಣಿಯವನು ಕೈ ತೋರ್ಸಿದ. ಬೂದು ಬಣ್ಣದ ಬೆನ್ನೊಂದು ಎದ್ದು ಹೋಯ್ತು. ಅಷ್ಟೇ ನೋಡಿ, ಸುತ್ತ ಇದ್ದ ಆರೇಳು ದೋಣಿ ಒಂದೇ ಸಲ ಅಲ್ಲಿಗೇ ತಿರುಗಿದ್ವು. ನಮ್ಮೋರೇನು ಕಮ್ಮಿನಾ, ಜೊತೆಗಿದ್ದ ಗೆಳೆಯ "ಭಯ್ಯಾ ಇನ್ನೂ ಹತ್ರ, ಇನ್ನೂ ಹತ್ರ" ಅಂತ ಶುರು ಮಾಡ್ದ, ಎಕ್ಸ್ಟ್ರಾ ದುಡ್ಡು ಕೊಡ್ತೀನಿ ಅಂತಾನೂ ಅಂದ, ನಾನೂ ಫೋನ್ ಹಿಡ್ಕೊಂಡು ಎದ್ದು ನಿಂತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಪ್ರತಿ ಸಲ ನಾವು ಹತ್ರ ಹೋದಾಗ್ಲೂ ಅದು ಮುಳುಗಿ ಬೇರೆ ಕಡೆ ಏಳೋದು, ಒಂದ್ಸಲ ಎಷ್ಟೊತ್ತಾದ್ರೂ ಏಳ್ಲೇ ಇಲ್ಲ. ಆಗ್ಲೇ ಒಂಥರಾ ಅನ್ಸಿದ್ದು, ಪಾಪ ಅದು ಉಸಿರಾಡೋಕೆ ಮೇಲೆ ಬರ್ಲೇಬೇಕು, ಬಂದ ಕಡೆಯೆಲ್ಲ ನಾವಿದೀವಿ.

ಚಿಲಿಕಾ ನೀರು ಕಲಕಲು, ಆಳಾನೂ ಕಮ್ಮಿ. ಅಲ್ಲಿ ಡಾಲ್ಫಿನ್‌ಗೆ ಕಣ್ಣಿಗಿಂತ ಕಿವಿನೇ ಮುಖ್ಯ. ತಾನು ಮಾಡಿದ ಶಬ್ದ ಮೀನಿಗೆ ತಾಗಿ ವಾಪಸ್ ಬರೋದನ್ನ ಕೇಳಿಸ್ಕೊಂಡೇ ಊಟ ಹುಡುಕ್ಬೇಕು, ಮರಿ ತಾಯಿ ಹತ್ರಾನೇ ಇರ್ಬೇಕು ಅಂದ್ರೂ ಶಬ್ದಾನೇ ದಾರಿ. ನೀರಲ್ಲಿ ಶಬ್ದ ಗಾಳಿಗಿಂತ ನಾಕು ಪಟ್ಟು ವೇಗವಾಗಿ ಓಡತ್ತೆ, ಅದರ ಮಧ್ಯೆ ಏಳು ಪಂಪ್‌ಸೆಟ್!

ಕೊನೆಗೆ ಒಂದು ತುಂಬ ಹತ್ರಾನೇ ಎದ್ದಿತು. ಬೆನ್ನ ರೆಕ್ಕೆ ಹಿಂದೆ ಮೂರು ಬಿಳಿ ಗೀರು, ಬಾಚಣಿಗೆ ಎಳೆದ ಹಾಗೆ ಸಾಲಾಗಿ. ದೋಣಿಯವನನ್ನ ಕೇಳಿದ್ರೆ ಬಾಯಲ್ಲೇನೂ ಹೇಳ್ಲಿಲ್ಲ, ಹಿಂದಿದ್ದ ಪ್ರೊಪೆಲರ್ ಕಡೆ ಬೆರಳು ತೋರ್ಸಿ ಗಾಳೀಲಿ ಗಿರಗಿರ ಅಂತ ತಿರುಗಿಸ್ದ. ಅವನನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಡಾಲ್ಫಿನ್ ತೋರಿಸ್ದೆ ಹೋದ್ರೆ ದಡದಲ್ಲಿ ಜಗಳಕ್ಕೆ ನಿಲ್ಲೋರು ನಾವೇ ಅಲ್ವಾ.

ಕಾನೂನಿಲ್ಲ ಅಂತೇನಲ್ಲ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲೇ ಇದೆ ಈ ಪ್ರಾಣಿ, ಹುಲಿ ಇರೋ ಪಟ್ಟಿನೇ ಅದು. ದೂರ ಇರಿ, ಅಟ್ಟಿಸ್ಕೊಂಡು ಹೋಗ್ಬೇಡಿ, ಇಂಜಿನ್ ನಿಧಾನ ಮಾಡಿ ಅಂತ ಬೋರ್ಡೂ ಇತ್ತು, ನಮ್ಮ ಕಣ್ಣಿಗೆ ಬಿದ್ದಿದ್ದು ವಾಪಸ್ ಬಂದು ಚಪ್ಪಲಿ ಕೊಡವ್ತಾ ನಿಂತಾಗ.

ಮನೆಗೆ ಬಂದು ಅಕ್ಕನ ಮಗನಿಗೆ ವಿಡಿಯೋ ತೋರ್ಸಿದೆ. ನಲವತ್ತು ಸೆಕೆಂಡ್ ಬರೀ ನೀರು, ಡಬಡಬ ಸದ್ದು. "ಮಾಮ, ಇದು ಟ್ರಾಕ್ಟರ್ ವಿಡಿಯೋನಾ?" ಅಂದ.