ಮೀನಿನ ತೊಟ್ಟಿಯಲ್ಲಿ ಗುಡ್ಡ ಕುಸಿತ: ನಾಲ್ಕನೇ ವಾರ

ಈ ವಾರ ಗುಡ್ಡ ಮೂರು ಸಲ ಕುಸಿಯಿತು. ಎರಡು ಸಲ ನಾನೇ ಬೇಕಂತ ಬೀಳಿಸಿದ್ದು. ಮೂರನೆಯದು ಶುದ್ಧ ದಡ್ಡತನ.

ಹೊಸದಾಗಿ ಓದುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಹಳೇ ಮೀನಿನ ತೊಟ್ಟಿಯೊಳಗೆ ಎಚ್‌ಒ ಅಳತೆಯ, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲಿನ (1:87) ಮಾದರಿ ರೈಲು ಹಳಿ ಹಾಕಿದ್ದೇನೆ. ಪಕ್ಕದಲ್ಲಿ 14 ಸೆಂ.ಮೀ. ಎತ್ತರದ ಮಣ್ಣಿನ ಇಳಿಜಾರು. ನಿಜದ ಲೆಕ್ಕದಲ್ಲಿ ಅದು ಸುಮಾರು 12 ಮೀಟರ್. ಅದನ್ನು ಹಳಿ ಮೇಲೆ ಕುಸಿಯಲು ಬಿಟ್ಟು, ಆಮೇಲೆ ಎಂಜಿನಿಯರುಗಳು ಮಾಡುವ ತುರ್ತು ರಿಪೇರಿಯನ್ನು ನಾನೂ ಮಾಡಿ ನೋಡುವುದು, ಇಷ್ಟೇ ಆಟ.

ಮೊದಲ ಎರಡು ವಾರ ಗುಡ್ಡ ಬೀಳಲೇ ಇಲ್ಲ! ಮೇಲಿಂದ ನೀರು ಚಿಮುಕಿಸಿದಷ್ಟೂ ಗಟ್ಟಿಯಾಗಿ ನಿಂತಿತು. ಒದ್ದೆ ಮರಳಿನ ಕಣಗಳ ನಡುವೆ ತೆಳುವಾದ ನೀರಿನ ಪೊರೆ ಇರುತ್ತದೆ, ಅದು ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುತ್ತದೆ. ಮರಳಿನ ಗೂಡು ನಿಲ್ಲುವುದೂ ಹೀಗೇ ಅಲ್ವಾ? ಸಂದುಗಳೆಲ್ಲ ಪೂರ್ತಿ ನೀರು ತುಂಬಿದರೆ ಆ ಹಿಡಿತ ಹೋಗುತ್ತದೆ. ಮೇಲಾಗಿ ಒಳಗಿನ ನೀರು ಕಣಗಳನ್ನು ತಳ್ಳಿ ದೂರ ಮಾಡುತ್ತದೆ. ಹಾಗಾಗಿ ಗುಡ್ಡದ ಬೆನ್ನಿನಲ್ಲಿ ಒಂದು ಪೈಪ್ ಅಡಗಿಸಿ ಹನಿಹನಿಯಾಗಿ ನೀರು ಬಿಟ್ಟೆ. ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಸ್ವಲ್ಪ ಹೊತ್ತಿಗೆ ಹಳಿ ಕಾಣದಾಯಿತು.

ಈಗ ದಡ್ಡತನದ ಕಥೆ. ಹಳಿ ಮೇಲಿನ ಮಣ್ಣು ತೆಗೆದರೆ ರೈಲು ಓಡುತ್ತೆ ಅಂದುಕೊಂಡು ಬುಡದಿಂದ ಚಮಚದಲ್ಲಿ ಗೋರಿದೆ. ಐದಾರು ಚಮಚ ಆಗುವಷ್ಟರಲ್ಲಿ ಮೇಲಿನ ಭಾಗ ಪೂರ್ತಿ ಬಂತು. ಬಿದ್ದ ಮಣ್ಣೇ ಮಿಕ್ಕಿದ್ದಕ್ಕೆ ಒತ್ತು ಕೊಟ್ಟು ನಿಂತಿತ್ತು. ಅದನ್ನೇ ನಾನು ಕಿತ್ತಿದ್ದೆ.

ಇಂಗ್ಲೆಂಡಿನ ಹಾರ್ಬರಿ ಕಟಿಂಗ್‌ನಲ್ಲಿ, ಅಂದರೆ ಗುಡ್ಡ ಕಡಿದು ರೈಲು ಹಳಿ ಹಾಕಿದ ಜಾಗದಲ್ಲಿ, 2015ರ ಜನವರಿ 31ರಂದು ಸುಮಾರು 3.5 ಲಕ್ಷ ಟನ್ ಮಣ್ಣು ಜಾರಿತು. ಹಳಿ ತೆರೆದದ್ದು ಮಾರ್ಚ್ 13ಕ್ಕೆ. ಮಣ್ಣು ತೆಗೆಯೋಕೆ ಆರು ವಾರ ಯಾಕೆ ಅಂತ ಮೊದಲು ಅನಿಸಿತ್ತು. ಚಮಚ ಹಿಡಿದ ಮೇಲೆ ಆ ಪ್ರಶ್ನೆ ಕೇಳೋದು ಬಿಟ್ಟೆ.

ಎರಡನೇ ಸಲ ಮೇಲಿಂದ ಶುರು ಮಾಡಿದೆ. ಬಿರುಕಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅಂದರೆ ನನ್ನ ಟಾರ್ಪಾಲು. ನೆತ್ತಿಯ ಹಿಂದೆ ನೀರು ಪಕ್ಕಕ್ಕೆ ಹೋಗಲು ಸಣ್ಣ ಕಾಲುವೆ. ಆಮೇಲೆ ನೆತ್ತಿಯ ಭಾರ ಇಳಿಸಿ, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದೆ. ಬುಡ ಮುಟ್ಟಿದ್ದು ಕೊನೆಗೆ, ಅದೂ ತುಂಡು ತುಂಡಾಗಿ. ಒಂದು ತುಂಡು ತೆಗೆದ ತಕ್ಷಣ ಆ ಜಾಗಕ್ಕೆ ಗೇಬಿಯನ್.

ಗೇಬಿಯನ್ ಅಂದರೆ ಕಲ್ಲು ತುಂಬಿದ ತಂತಿ ಬುಟ್ಟಿ. 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಎತ್ತರದ್ದು ನನ್ನ ಅಳತೆಯಲ್ಲಿ 23 ಮಿ.ಮೀ. ಉದ್ದ ಆಗುತ್ತದೆ. ಜಾಲರಿ ಮಡಚಿ, ಚಿಮಟದಲ್ಲಿ ಒಂದೊಂದೇ ಕಲ್ಲು ತುಂಬಿ ಇಪ್ಪತ್ತು ಬುಟ್ಟಿ ಮಾಡುವಷ್ಟರಲ್ಲಿ ಕತ್ತು ಹಿಡಿದುಕೊಂಡಿತು. ಚೆನ್ನಾಗಿ ಕೂರಲಿ ಅಂತ ಮೊದಲ ಸಾಲಿನ ಸಂದಿಗೆಲ್ಲ ಅಂಟು ಸುರಿದಿದ್ದೆ. ನೀರು ಹಿಂದೆ ನಿಂತು ಗೋಡೆ ಮುಂದಕ್ಕೆ ವಾಲಿತು. ಕಿತ್ತು, ಅಂಟಿಲ್ಲದೆ ಮತ್ತೆ ಕಟ್ಟಿದೆ. ಬೆನ್ನಿಗೆ ಬಟ್ಟೆ ತುಂಡು ಇಟ್ಟೆ: ನೀರು ಸೋಸಿ ಬರಬೇಕು, ಮಣ್ಣು ಬರಬಾರದು. ಇಳಿಜಾರಿಗೆ ತೂತು ಮಾಡಿದ ಸ್ಟ್ರಾಗಳನ್ನೂ ತೂರಿಸಿದೆ. ಮೊದಲು ಕೆಸರು ನೀರು ಬಂತು, ಆಮೇಲೆ ತಿಳಿಯಾಯಿತು. ಇಡೀ ವಾರದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಹಳಿ ಕೆಳಗಿನ ಜಲ್ಲಿಗೆ ಕೆಸರು ಹೊಕ್ಕಿತ್ತು. ಹಾಗಾದರೆ ಜಲ್ಲಿಯಿಂದ ನೀರು ಇಳಿಯುವುದಿಲ್ಲ. ಅಷ್ಟನ್ನೂ ಬದಲಿಸಿದೆ.

ಶನಿವಾರ ಎಂಜಿನ್ ಆಮೆ ವೇಗದಲ್ಲಿ ಒಂದು ಸುತ್ತು ಹಾಕಿತು. ನಿಜದ ಹಳಿಯಲ್ಲೂ ರಿಪೇರಿ ಆದ ಮೇಲೆ ಮೊದಲು ವೇಗಕ್ಕೆ ಮಿತಿ ಇರುತ್ತದೆ. ಜಲ್ಲಿ ಕೂತ ಹಾಗೆ ನಿಧಾನವಾಗಿ ಏರಿಸುತ್ತಾರೆ. ನೆತ್ತಿಗೆ ಒಂದು ಗುಂಡುಸೂಜಿ ಚುಚ್ಚಿ, ಗಾಜಿನ ಮೇಲೆ ಗುರುತು ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸೂಜಿ 1 ಮಿ.ಮೀ. ಸರಿದಿದೆ. ನಿಜದ ಗುಡ್ಡದಲ್ಲಿ ಅದು 8.7 ಸೆಂ.ಮೀ. ಆಗುತ್ತಿತ್ತು. ಎಂಜಿನ್ ಮತ್ತೆ ಡಬ್ಬಿಯೊಳಗೆ ಹೋಗಿದೆ. ಎರಡನೇ ಮೆಟ್ಟಿಲಿಗೆ ಇನ್ನೂ ನಾಲ್ಕು ಸ್ಟ್ರಾ ಬೇಕು.