ಪೇಪರ್ ಬರೋದು ನಿಂತ ಮೇಲೆ ಏನು ಮಾಡ್ತೀರಿ?

"ದಿನಾ ಬಾಗಿಲಿಗೆ ಬರುತ್ತಿದ್ದ ಪೇಪರ್ ನಿಂತೇ ಹೋಯ್ತಲ್ಲ, ಹೇಗೆ ಹೊಂದಿಕೊಂಡ್ರಿ?" ಇದು ನನಗೆ ಆಗಾಗ ಎದುರಾಗುವ ಪ್ರಶ್ನೆ. ಫೋನಲ್ಲಿ ಎಲ್ಲಾ ಸಿಗುತ್ತಲ್ಲ, ಇದರಲ್ಲಿ ಹೊಂದಿಕೊಳ್ಳೋಕೆ ಏನಿದೆ ಅಂತ ಕೇಳುವವರೂ ಇದ್ದಾರೆ.

ನಿಜ, ಸುದ್ದಿಗೇನೂ ಬರ ಬಂದಿಲ್ಲ. ಆದರೆ ಪೇಪರ್ ಓದಿದರೆ ಮುಗಿಯುತ್ತಿತ್ತು. ಕೊನೆಯ ಪುಟ ಬಂತು, ಮಡಚಿಟ್ಟೆವು, ಎದ್ದು ಕೆಲಸಕ್ಕೆ ಹೋದೆವು. ಫೋನಲ್ಲಿ ಓದಿದ್ದು ಮುಗಿಯೋದೇ ಇಲ್ಲ. ಇನ್ನೊಂದು ವಿಷಯವೂ ಇದೆ. ಪೇಪರ್‌ನಲ್ಲಿ ಯಾವುದು ದೊಡ್ಡ ಸುದ್ದಿ, ಯಾವುದು ಚಿಕ್ಕದು ಅಂತ ಕಣ್ಣಿಗೇ ಗೊತ್ತಾಗುತ್ತಿತ್ತು. ಒಂದಕ್ಕೆ ಮುಖಪುಟದಲ್ಲಿ ಅಡ್ಡಕ್ಕೆ ಪೂರ್ತಿ ಹರಡಿದ ತಲೆಬರಹ, ಇನ್ನೊಂದಕ್ಕೆ ಒಳಪುಟದ ಮೂಲೆಯಲ್ಲಿ ಸಿಂಗಲ್ ಕಾಲಂ. ಆ್ಯಪ್‌ನಲ್ಲಿ ಯುದ್ಧಕ್ಕೂ ನಟನ ಹೊಸ ಹೇರ್‌ಸ್ಟೈಲ್‌ಗೂ ಒಂದೇ ಅಳತೆಯ ಡಬ್ಬಿ. ಐದು ನಿಮಿಷ ಬಿಟ್ಟು ಬಂದರೆ ಓದುತ್ತಿದ್ದ ಸುದ್ದಿ ಅಲ್ಲಿ ಇರೋದೂ ಇಲ್ಲ.

ಹಾಗಾಗಿ ನಾನು ಸುದ್ದಿ ಆ್ಯಪ್ ಬಿಟ್ಟು ಇ-ಪೇಪರ್‌ಗೆ ಹೋದೆ. ಅಂದರೆ ಅಚ್ಚಾಗುವ ಪುಟದ್ದೇ ಪಡಿಯಚ್ಚು. ಇದನ್ನು ಮಾತ್ರ ಫೋನಲ್ಲಿ ಓದೋಕೆ ಹೋಗಬೇಡಿ. ಎರಡು ಬೆರಳಲ್ಲಿ ಹಿಗ್ಗಿಸಿದರೆ ಅಕ್ಷರ ಕಾಣುತ್ತದೆ, ಕಾಲಂ ಕಳೆದುಹೋಗುತ್ತದೆ. ಹೇಗೋ ಕೆಳಗಿನವರೆಗೆ ಎಳೆದುಕೊಂಡು ಹೋದರೆ "7ನೇ ಪುಟಕ್ಕೆ" ಅಂತಿರುತ್ತದೆ, ಅಲ್ಲಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಎಲ್ಲಿದ್ದೆವು ಅನ್ನೋದೇ ಮರೆತಿರುತ್ತದೆ. ಟ್ಯಾಬ್ಲೆಟ್ ಇದ್ದರೆ ಆರಾಮು. ಮೊದಲು ಇಡೀ ಪುಟ ನೋಡಿ, ಆಮೇಲೆ ಬೇಕಾದ ಸುದ್ದಿಯನ್ನು ಒತ್ತಿ. ಎಷ್ಟೋ ಇ-ಪೇಪರ್‌ಗಳಲ್ಲಿ ಅದು ಬೇರೆಯಾಗಿ, ದೊಡ್ಡ ಅಕ್ಷರದಲ್ಲಿ ತೆರೆದುಕೊಳ್ಳುತ್ತದೆ. ನೋಟಿಫಿಕೇಶನ್ ಪೂರ್ತಿ ಆಫ್. ಓದೋದು ಬೆಳಗ್ಗೆ ಒಂದೇ ಸಲ.

ಇಷ್ಟೆಲ್ಲ ಯಾಕೆ, ಪೇಪರ್ ಹಾಕೋದನ್ನು ನಿಲ್ಲಿಸಿದ್ದೇಕೆ ಅಂತ ಬೈಯೋಣ ಅನ್ನಿಸುತ್ತದೆ, ಅಲ್ವಾ? ಲೆಕ್ಕ ನೋಡಿದರೆ ಬೈಯೋಕೆ ಮನಸ್ಸಾಗಲ್ಲ. ಬೀದಿಯ ಎಲ್ಲ ಮನೆಗೂ ಪೇಪರ್ ಹಾಕಿದರೂ ಎರಡೇ ಮನೆಗೆ ಹಾಕಿದರೂ ಆ ಬೀದಿಯನ್ನು ಪೂರ್ತಿ ಸುತ್ತಲೇಬೇಕು. ವರ್ಗೀಕೃತ ಜಾಹೀರಾತು ಅಂತರ್ಜಾಲಕ್ಕೆ ಹೋದ ಮೇಲೆ ಆ ಖರ್ಚು ತುಂಬಿಕೊಡುವವರು ಯಾರು? 2009ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಎರಡು ದಿನಪತ್ರಿಕೆಗಳು ಮನೆಗೆ ಹಾಕೋದನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದವು. ಬ್ರಿಟನ್ನಿನ 'ದಿ ಇಂಡಿಪೆಂಡೆಂಟ್' 2016ರಲ್ಲಿ ಅಚ್ಚನ್ನೇ ನಿಲ್ಲಿಸಿತು. 1703ರಿಂದ ಇದ್ದ ವಿಯೆನ್ನಾದ 'ವೀನರ್ ತ್ಸೈಟುಂಗ್' ಕೂಡ 2023ರ ಜೂನ್ 30ಕ್ಕೆ ದಿನಪತ್ರಿಕೆಯಾಗಿ ಅಚ್ಚಾಗೋದು ಮುಗಿಯಿತು.

ನನಗೆ ತುಂಬಾ ಹಿಡಿಸಿದ ದಾರಿ ಕೆನಡಾದ ಮಾಂಟ್ರಿಯಲ್‌ನ 'ಲಾ ಪ್ರೆಸ್'ನದು. ಅವರು 2013ರಲ್ಲೇ ಟ್ಯಾಬ್ಲೆಟ್‌ಗೆ ಅಂತಲೇ ಉಚಿತ ಸಂಚಿಕೆ ಶುರು ಮಾಡಿ, ಓದುಗರು ಅದಕ್ಕೆ ಒಗ್ಗಿದ ಮೇಲೆ 2015ರ ಕೊನೆಗೆ ವಾರದ ದಿನಗಳ ಅಚ್ಚು ನಿಲ್ಲಿಸಿದರು. ಶನಿವಾರದ್ದು ಇನ್ನೂ ಎರಡು ವರ್ಷ ಬಂತು. ಟ್ಯಾಬ್ಲೆಟ್‌ನದೂ ದಿನಕ್ಕೊಂದು ಸಂಚಿಕೆ, ಮೊದಲ ಪುಟ ಇದೆ, ಕೊನೆಯ ಪುಟವೂ ಇದೆ. ನಮಗೆ ಬೇಕಾಗಿದ್ದೂ ಅದೇ ತಾನೇ?

ಸರಿಹೋಗದೇ ಉಳಿದಿದ್ದು ಅಂದರೆ ಹಂಚಿಕೊಂಡು ಓದೋದು. ಪುರವಣಿ ಒಬ್ಬರ ಕೈಗೆ, ಕ್ರೀಡಾಪುಟ ಇನ್ನೊಬ್ಬರಿಗೆ, ಪದಬಂಧಕ್ಕೆ ಜಗಳ. ಒಂದು ಟ್ಯಾಬ್ಲೆಟನ್ನು ನಾಲ್ಕು ಭಾಗ ಮಾಡೋಕಾಗಲ್ಲ. ಇದಕ್ಕೆ ನನ್ನ ಹತ್ತಿರ ಉಪಾಯವೂ ಇಲ್ಲ.

ಮನೆಯಲ್ಲಿ ವಯಸ್ಸಾದವರಿದ್ದರೆ ಪೇಪರ್ ನಿಲ್ಲುವ ಮೊದಲೇ ಅವರಿಗೆ ಇ-ಪೇಪರ್ ಅಭ್ಯಾಸ ಮಾಡಿಸಿ, ಎರಡೂ ಒಟ್ಟಿಗೆ ಬರುವಾಗ ಕಲಿಯೋದು ಸುಲಭ. ಪಾಸ್‌ವರ್ಡ್ ಪದೇ ಪದೇ ಕೇಳದ ಹಾಗೆ ಸೇವ್ ಮಾಡಿಡಿ, ಅರ್ಧ ಜನ ಬೇಸತ್ತು ಬಿಡೋದು ಅಲ್ಲೇ. ಪದಬಂಧ ಮಾತ್ರ ಪ್ರಿಂಟ್ ತೆಗೆದು, ಪೆನ್ ಜೊತೆಗೆ ಕೈಗೆ ಕೊಡಿ.